ಎರವಲು ಹೋದ ಧ್ವನಿ

ಕಾಶಿಯ ಚಳಿಗೆಂದು ಹೊಲಿಸಿಟ್ಟ ಹತ್ತಿಯ ರಜಾಯಿಯನ್ನು ಸುಡುಸುಡುವ ಮೇ ತಿಂಗಳಲ್ಲಿ ಮಂಚದ ಕೆಳಗಿನಿಂದ ಎಳೆದು ತೆಗೆದು, ತಲೆಯ ಮೇಲಿಂದ ಹೊದ್ದು, ಅದರೊಳಗೆ ಚಕ್ಕಳಮಕ್ಕಳ ಹಾಕಿ ಕುಳಿತು, ಒಂದು ಕೈಯಲ್ಲಿ ಟಾರ್ಚು, ಇನ್ನೊಂದರಲ್ಲಿ ಮೈಕು ಹಿಡಿದು, ಬೆವರು ಒರೆಸಲು ಮೂರನೆಯ ಕೈ ಕೊಡದ ದೇವರನ್ನು ಮನಸ್ಸಿನಲ್ಲೇ ಬೈಯುತ್ತ, ಬಾಯಲ್ಲಿ ಮಾತ್ರ ಜೇನು ಸುರಿಸಿ "ನಮಸ್ಕಾರ, ಗ್ರಂಥಾಲಯದ ಧ್ವನಿಗೆ ತಮಗೆಲ್ಲ ಸ್ವಾಗತ" ಎಂದು ಹಿಂದಿಯಲ್ಲಿ ಹೇಳುವ ಯೋಗ ನಿಮಗೆಂದಾದರೂ ಒದಗಿತ್ತೇ? ಇಲ್ಲವಾದರೆ ನೀವು ಪುಣ್ಯವಂತರು. ನನಗೆ ಅದು ಎರಡು ವಾರ ಒದಗಿತು. ಬ್ಯಾಂಕಿನಿಂದ ಬಂದ ನನ್ನ ಯಜಮಾನರು ಮಂಚದ ಮೇಲಿನ ಗುಡ್ಡವನ್ನು ನೋಡಿ ಗಾಬರಿಯಾಗಿ, "ಹೊರಗ ಬಿಸಿಗಾಳಿ ಬೀಸಲಿಕ್ಕತ್ತದ, ನೀ ರಜಾಯಿ ಹೊತಗೊಂಡು ಕೂತೀಯಲ್ಲ, ಥಂಡಿಜ್ವರ ಬಂದಾವೇನು?" ಎಂದು ಕೇಳಿದರು. ಅವರ ಆ ಕಾಳಜಿಯ ಮಾತೂ ಧ್ವನಿಮುದ್ರಣದೊಳಗೆ ಸೇರಿ, ನಾನು ಮತ್ತೆ ಮೊದಲಿನಿಂದ ಸ್ವಾಗತ ಕೋರಬೇಕಾಯಿತು.

ನಾನು ಇಲ್ಲಿನ ಒಂದು ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಉಪಗ್ರಂಥಪಾಲಕಿ. ಯಜಮಾನರಿಗೆ ಧಾರವಾಡದಿಂದ ಬನಾರಸಿಗೆ ವರ್ಗವಾದಾಗ ಸಾಮಾನಿನ ಜೊತೆಗೆ ಬಂದವಳು, ಇಲ್ಲಿಯೇ ಕೆಲಸ ಹಿಡಿದು, ಇಲ್ಲಿಯೇ ಕೂದಲು ಬೆಳ್ಳಗೆ ಮಾಡಿಕೊಂಡೆ. ನಮ್ಮ ವಿಶ್ವವಿದ್ಯಾಲಯಕ್ಕೆ ದೂರಶಿಕ್ಷಣದ ವಿದ್ಯಾರ್ಥಿಗಳು ಬಹಳ. ಸೋನಭದ್ರದ ಗುಡ್ಡಗಳಲ್ಲಿ, ಗಡಿಯಾಚೆಯ ಬಿಹಾರದ ಹಳ್ಳಿಗಳಲ್ಲಿ ಕುಳಿತು ಓದುವ ಇವರು ಗ್ರಂಥಾಲಯದ ಸದಸ್ಯರೂ ಹೌದು. ಆದರೆ ಕಾಶಿಯ ವಿಶ್ವನಾಥನನ್ನು ದೂರದಿಂದಲೇ ಕೈಮುಗಿಯುವವರ ಹಾಗೆ ನಮ್ಮ ಬಾಗಿಲನ್ನು ಒಮ್ಮೆಯೂ ಕಂಡವರಲ್ಲ. ಈ ದೂರವನ್ನು ಅಳಿಸಬೇಕೆಂದು ಮೇಲಿನವರಿಗೆ ಒಂದು ದಿನ ಹೊಳೆಯಿತು. ಪುಸ್ತಕ ಹುಡುಕುವುದು ಹೇಗೆ, ಮನೆಯಿಂದಲೇ ಲೇಖನ ತರಿಸಿಕೊಳ್ಳುವುದು ಹೇಗೆ ಎಂಬುದನ್ನೆಲ್ಲ ಮಾತಿನಲ್ಲಿ ಮುದ್ರಿಸಿ ಫೋನಿಗೆ ಕಳಿಸಿದರೆ, ಅವರು ರೊಟ್ಟಿ ಬಡಿಯುತ್ತಲೋ ದನ ಕಾಯುತ್ತಲೋ ಕೇಳಿಕೊಳ್ಳಬಹುದಲ್ಲ! ಅದಕ್ಕೆ ಪಾಡ್‌ಕಾಸ್ಟ್ ಎಂದು ಹೆಸರು. ವಿಚಾರ ಚಿನ್ನದಂಥದು. ಆದರೆ ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ, ಆ ಪೂಜಾರಿಗಳು ನಾವು.

ಯೋಚಿಸಿ ನೋಡಿ, ಮಾತಾಡಬೇಡಿ ಎಂದು ಹೇಳುವುದಕ್ಕೇ ಸಂಬಳ ಪಡೆಯುವ ಜಗತ್ತಿನ ಏಕೈಕ ಕುಲ ನಮ್ಮದು. ತುಟಿಯ ಮೇಲೆ ಬೆರಳಿಟ್ಟೂ ಇಟ್ಟೂ ನಮ್ಮ ತೋರುಬೆರಳು ಅಲ್ಲಿಗೇ ಒಗ್ಗಿಹೋಗಿದೆ, ಮನೆಯಲ್ಲಿ ಮಗಳು ಜೋರಾಗಿ ನಕ್ಕರೂ ಅದು ತಾನಾಗಿ ಮೇಲೇಳುತ್ತದೆ. ಇಂಥ ಮೌನವ್ರತಿಗಳ ಮುಂದೆ ಮೈಕು ಹಿಡಿದು "ಹೂಂ, ಮಾತಾಡಿ" ಎಂದರೆ ನಾವು ಏನು ಮಾತಾಡಿಯೇವು? ಮುಖ್ಯ ಗ್ರಂಥಪಾಲರಾದ ಪಾಂಡೇಜಿಯವರು ಇದಕ್ಕೆಂದೇ ಆದ ಸಮಿತಿಯ ಮೊದಲ ಸಭೆಯಲ್ಲಿ ಪಿಸುದನಿಯಲ್ಲಿ ಹೀಗೆಂದರು: "ಮಾತು ಇರಲಿ, ಆದರೆ ಗ್ರಂಥಾಲಯದ ಘನತೆಗೆ ತಕ್ಕ ಹಾಗೆ ಆದಷ್ಟು ಮೌನವಾಗಿರಲಿ." ಸಮಿತಿಯವರೆಲ್ಲ ತಲೆದೂಗಿದರು, ನಾನೂ ದೂಗಿದೆ. ಮೌನವಾದ ಪಾಡ್‌ಕಾಸ್ಟ್ ಹೇಗಿರುತ್ತದೆಂದು ಕೇಳಲು ಯಾರಿಗೂ ಬಾಯಿ ಬರಲಿಲ್ಲ.

ಗ್ರಂಥಾಲಯದಲ್ಲಿಯೇ ಮುದ್ರಿಸಬಹುದಿತ್ತಲ್ಲ, ಅಲ್ಲಿ ಬೇಕಾದಷ್ಟು ನಿಶ್ಶಬ್ದ ಇರುತ್ತದಲ್ಲ ಎಂದು ನೀವು ಅಂದುಕೊಂಡಿರಬೇಕು. ಗೆಳೆಯರೇ, ನೀವು ಬನಾರಸಿನ ಗ್ರಂಥಾಲಯವನ್ನು ನೋಡಿಲ್ಲ. ನಮ್ಮಲ್ಲಿ ನಿಶ್ಶಬ್ದವನ್ನು ಕಾಯಲೆಂದೇ ಒಬ್ಬ ಚಪರಾಸಿ ಇದ್ದಾರೆ. ಅವರು ಓದುಗರ ನಡುವೆ ಓಡಾಡುತ್ತ, ಕೈಯಲ್ಲಿನ ಕೋಲಿನಿಂದ ಮೇಜು ಕುಟ್ಟಿ "ಶಾಂತಿ! ಶಾಂತಿ!" ಎಂದು ಕಟ್ಟಡ ನಡುಗುವಂತೆ ಕೂಗುತ್ತಾರೆ. ಅವರು ಸುಮ್ಮನಾದ ಗಳಿಗೆಯಲ್ಲಿ ಕೂಲರು ಗುಡುಗುತ್ತದೆ, ಕೂಲರು ನಿಂತರೆ ಕರೆಂಟು ಹೋಯಿತೆಂದು ಓದುಗರು ಗುಡುಗುತ್ತಾರೆ, ಕಿಟಕಿಯಲ್ಲಿ ಕೋತಿಗಳ ಸಂಸಾರ ಕಲಹ ಬೇರೆ. ಹಾಗಾಗಿ ಭೇಲೂಪುರದ ನಮ್ಮ ಬಾಡಿಗೆ ಮನೆಯ ರಜಾಯಿಯೇ ಸ್ಟುಡಿಯೋ ಆಯಿತು. ಅಲ್ಲಿಯೂ ಸುಖವಿಲ್ಲ. ಹರಿಶ್ಚಂದ್ರ ಘಾಟಿಗೆ ಹೆಣ ಒಯ್ಯುವವರು ನಮ್ಮ ರಸ್ತೆಯಲ್ಲೇ ಹಾಯುತ್ತಾರೆ. "ಸದಸ್ಯತ್ವವನ್ನು ಪ್ರತಿ ವರ್ಷ ನವೀಕರಿಸತಕ್ಕದ್ದು" ಎಂದು ನಾನು ಗಂಭೀರವಾಗಿ ಹೇಳಿದ ಮರುಕ್ಷಣವೇ "ರಾಮ್ ನಾಮ್ ಸತ್ಯ ಹೈ" ಎಂಬ ಘೋಷ ರಜಾಯಿಯನ್ನೂ ತೂರಿಕೊಂಡು ಒಳಗೆ ಬಂತು. ಅದನ್ನು ಅಳಿಸಲು ಯಾರಿಗೂ ಧೈರ್ಯವಾಗಲಿಲ್ಲ, ಹಾಗೆಯೇ ಬಿಟ್ಟೆವು.

ಮೂರು ಕಂತುಗಳು ಸಿದ್ಧವಾದವು. ಮುದ್ರಣದ ಯಂತ್ರವನ್ನು ಅದರ ಹೊಟ್ಟೆಯೊಳಗಿನ ನನ್ನ ಧ್ವನಿಯ ಸಮೇತ ಕಚೇರಿಗೆ ಒಪ್ಪಿಸಿ ಕೈತೊಳೆದುಕೊಂಡೆ. ಅಲ್ಲಿಂದ ಮುಂದಿನದು ಸಮಿತಿಯ ಪಾಲು. ಗ್ರಂಥಾಲಯಕ್ಕೆ ಯಾವ ವಸ್ತು ಬಂದರೂ ಅದಕ್ಕೊಂದು ದಾಖಲಾತಿ ಸಂಖ್ಯೆ ಬೀಳಬೇಕು, ಸಂಖ್ಯೆಯ ಜೊತೆಗೆ ಮೊಹರು ಬೀಳಬೇಕು. ಧ್ವನಿಗೆ ಸಂಖ್ಯೆ ಕೊಡುವುದು ಸುಲಭ, ಮೊಹರು ಒತ್ತುವುದು ಎಲ್ಲಿ? ಪಾಂಡೇಜಿಯವರು ಒಂದು ಇಡೀ ಮಧ್ಯಾಹ್ನ ಕಣ್ಣುಮುಚ್ಚಿ ಯೋಚಿಸಿ ದಾರಿ ಕಂಡುಕೊಂಡರು. ಮೊಹರು ಒತ್ತುವ 'ಧಪ್' ಎಂಬ ಸದ್ದನ್ನೇ ಮುದ್ರಿಸಿ ಕಂತಿನ ಆರಂಭಕ್ಕೆ ಸೇರಿಸಲಾಯಿತು. ಪುಸ್ತಕವನ್ನು ಕದ್ದವರು ಮೊದಲ ಪುಟ ಹರಿದುಹಾಕಿದರೂ ಗುರುತು ಉಳಿಯಲೆಂದು ಒಳಗೆಲ್ಲೋ ಒಂದು ಗುಪ್ತ ಪುಟದಲ್ಲಿ ನಾವು ಇನ್ನೊಂದು ಮೊಹರು ಒತ್ತುವುದುಂಟು. ಆ ಸಂಪ್ರದಾಯವನ್ನೂ ಬಿಡಲಾಗದೆ ಪ್ರತಿ ಕಂತಿನ ನಡುವೆ, ಯಾವ ಮಾತಿನ ಮಧ್ಯೆ ಎಂಬುದನ್ನು ಗೋಪ್ಯವಾಗಿಟ್ಟು, ಇನ್ನೊಂದು 'ಧಪ್' ಹಾಕಿದರು.

ಇಷ್ಟಕ್ಕೇ ನಿಂತಿದ್ದರೆ ನಾನು ಈ ಕತೆ ಹೇಳುತ್ತಿರಲಿಲ್ಲ. ಬಿಡುಗಡೆಯ ಹಿಂದಿನ ದಿನ ಸಮಿತಿಯ ಹಿರಿಯ ಸದಸ್ಯರೂ ಖ್ಯಾತ ವಾಗ್ಮಿಗಳೂ ಆದ ಒಬ್ಬ ಪ್ರೊಫೆಸರ್ ಸಾಹೇಬರು ಮೂಲಭೂತ ಪ್ರಶ್ನೆಯೊಂದನ್ನು ಎತ್ತಿದರು: "ಇದರ ಪ್ರತಿಗಳು ನಮ್ಮಲ್ಲಿ ಎಷ್ಟಿವೆ?" ಪ್ರತಿ ಕಂತಿಗೂ ಒಂದೇ ಎಂದೆವು. ಹಾಗಾದರೆ ಒಂದು ಸಲಕ್ಕೆ ಒಬ್ಬರಿಗೇ ತಾನೇ ಕೊಡಬಹುದು? ಸಭೆ ಬೆಚ್ಚಿಬಿತ್ತು. ಹೌದಲ್ಲ! ಒಂದು ಪ್ರತಿಯನ್ನು ಇಬ್ಬರಿಗೆ ಎರವಲು ಕೊಡುವ ಗ್ರಂಥಾಲಯ ಭೂಮಿಯ ಮೇಲುಂಟೇ? ಕಂಪ್ಯೂಟರ್ ವಿಭಾಗದವರನ್ನು ಕರೆಸಿ, ಒಬ್ಬ ಸದಸ್ಯರಿಗೆ ಕಂತು ಹೋಗಿದ್ದರೆ ಅವರು ಹಿಂದಿರುಗಿಸುವ ತನಕ ಇನ್ನೊಬ್ಬರ ಫೋನಿನಲ್ಲಿ ತೆರೆಯದ ಹಾಗೆ ಬೀಗ ಹಾಕಿಸಿದರು. ವಿದ್ಯಾರ್ಥಿಗಳಿಗೆ ಎರಡು ವಾರದ ಗಡುವು, ಅಧ್ಯಾಪಕರಿಗೆ ಎಂದಿನಂತೆ ಇಡೀ ವರ್ಷ. ತಡವಾದರೆ ವಿದ್ಯಾರ್ಥಿಗಳಿಗೆ ದಂಡ, ಅಧ್ಯಾಪಕರಿಗೆ ಸವಿನಯ ಜ್ಞಾಪನೆ.

ನಗಬೇಡಿ, ಅಥವಾ ಸ್ವಲ್ಪ ಮಾತ್ರ ನಗಿ. ಹಂಚಿದಷ್ಟೂ ಹೆಚ್ಚುವುದು ವಿದ್ಯೆ ಎಂದು ನಾವೆಲ್ಲ ಬಾಲ್ಯದಲ್ಲೇ ಬಾಯಿಪಾಠ ಮಾಡಿದವರು, ನಮ್ಮ ಗ್ರಂಥಾಲಯದ ಬಾಗಿಲ ಮೇಲೂ ಅದೇ ಅರ್ಥದ ಸಂಸ್ಕೃತ ವಾಕ್ಯ ಕೆತ್ತಿದೆ. ಆದರೆ ಕೆತ್ತಿದ್ದು ಬಾಗಿಲ ಹೊರಗೆ. ಒಳಗಿರುವ ನಮಗೆ ಒಂದು ಪುಸ್ತಕ ಹೊರಗೆ ಹೋಯಿತೆಂದರೆ ಮಗಳನ್ನು ಗಂಡನ ಮನೆಗೆ ಕಳಿಸಿದ ಸಂಕಟ. ಕಪಾಟಿನಲ್ಲಿ ಅದು ಇದ್ದ ಜಾಗ ಖಾಲಿಯಾಗಿ ಕಾಣುತ್ತದೆ, ಕೈ ಹಾಕಿದರೆ ತೆರಪು ಸಿಗುತ್ತದೆ. ಆ ತೆರಪೇ ನಮ್ಮ ಇಡೀ ಶಾಸ್ತ್ರಕ್ಕೆ ಬುನಾದಿ. ಎಲ್ಲೂ ತೆರಪು ಬಿಡದೆ ಹೊರಗೆ ಹೋಗಬಲ್ಲ ವಸ್ತುವೊಂದು ಎದುರು ಬಂದಾಗ ನಮ್ಮ ಬುದ್ಧಿ ಕಕ್ಕಾಬಿಕ್ಕಿಯಾಗಿ, ತೆರಪನ್ನು ತಾನೇ ಕೈಯಾರೆ ತೋಡಿಕೊಂಡಿತು.

ಹಾಗೆ ತೋಡಿದ ಹೊಂಡಕ್ಕೆ ಮೊದಲು ಬಿದ್ದವಳು ನೀಲಮ್ಮ. ಅವಳ ಫೋನು ಬಂದಾಗ ಅವಳ ಹೆಸರು ನನಗೆ ಗೊತ್ತಿರಲಿಲ್ಲ. ದೂರಶಿಕ್ಷಣದಲ್ಲಿ ಸಮಾಜಶಾಸ್ತ್ರದ ಎಂ.ಎ. ಓದುತ್ತಿರುವುದಾಗಿ, ಮೂರನೆಯ ಕಂತಿಗಾಗಿ ಕಾಯುತ್ತಿರುವುದಾಗಿ ತಡವರಿಸುವ ಹಿಂದಿಯಲ್ಲಿ ಹೇಳುತ್ತಿದ್ದವಳು, ನಡುವೆ ಫೋನು ಪಕ್ಕಕ್ಕೆ ಹಿಡಿದು "ಏ ತಮ್ಮಾ, ಅದನ್ನ ಮುಟ್ಟಬ್ಯಾಡಲೇ, ಕೈ ಸುಟ್ಟೀತು!" ಎಂದು ಕೂಗಿದಳು. ನನ್ನ ಕಿವಿ ನಿಮಿರಿತು. ಕನ್ನಡ ಕೇಳಬೇಕೆಂದರೆ ನಾವು ಕನ್ನಡದವರು ಬಂದುಹೋಗುವ ಜಂಗಮವಾಡಿಯ ಮಠಕ್ಕೇ ಹೋಗಬೇಕು, ಮನೆಯಲ್ಲಿ ಹುಟ್ಟಿದ ಮಗಳೇ ಹಿಂದಿಯಲ್ಲಿ ಉತ್ತರ ಕೊಡುವವಳು. "ಯಾವೂರವ್ವಾ ನಿಮ್ಮದು?" ಎಂದೆ. ಆ ಕಡೆಯಿಂದ, "ಅಯ್ಯ ನಮ್ಮವ್ವಾ, ಮೇಡಂ, ನೀವು ನಮ್ಮ ಕಡಿಯವ್ರೇನ್ರಿ!" ಎಂದು ನಕ್ಕಳೋ ಅತ್ತಳೋ ತಿಳಿಯದಂಥ ದನಿ ಬಂತು.

ಬಾಗಲಕೋಟೆ ಕಡೆಯವಳು, ಗಂಡ ರೈಲ್ವೆಯವನು. ಸೋನಭದ್ರದ ಗುಡ್ಡಗಳ ನಡುವಿನ ಒಂದು ಸಣ್ಣ ಸ್ಟೇಷನ್ನಿನ ಕಾಲೊನಿಯಲ್ಲಿ ವಾಸ. ವರ್ಗಾವಣೆಯಾಗುತ್ತಲೇ ಇರುವ ಕುಟುಂಬಗಳ ಹೆಂಗಸರ ಬದುಕಿನ ಬಗ್ಗೆ ಅವಳು ಕಿರುಪ್ರಬಂಧ ಬರೆಯುತ್ತಿದ್ದಳು. ಹಿಂದೆ ಯಾರು ಏನು ಬರೆದಿದ್ದಾರೆಂದು ಓದಿ ತೋರಿಸದಿದ್ದರೆ ಒಪ್ಪುವುದಿಲ್ಲವೆಂದು ಮಾರ್ಗದರ್ಶಕರು ಒಮ್ಮೆ ತಿರುಗಿಸಿ ಕಳಿಸಿದ್ದರು. ಈ ತಿಂಗಳ ಕೊನೆಗೆ ಒಪ್ಪಿಸದಿದ್ದರೆ ನೋಂದಣಿಯೇ ರದ್ದು, ಅಷ್ಟು ವರ್ಷದ ಓದು ನೀರಿನಲ್ಲಿ ಹೋಮ. "ಓದೂದು ಮುಗದರ ಇಲ್ಲೇ ಸಾಲ್ಯಾಗ ಟೀಚರ್ ಆಗಬೇಕಂತ ಆಸೆ ಐತ್ರಿ ಮೇಡಂ. ನಮ್ಮವರಿಗೆ ಮತ್ತ ವರ್ಗ ಆಗೂದ್ರಾಗ ಒಂದಾದ್ರೂ ನಂದು ಅಂತ ಇರಲಿ," ಎಂದಳು. ದೂರದಿಂದಲೇ ಓದಿನ ಸಾಮಗ್ರಿ ಪಡೆಯುವ ಬಗೆ ಎಂಬುದು ಆ ಮೂರನೆಯ ಕಂತಿನ ಹೆಸರು, ಅವಳಿಗೆ ಬೇಕಾದದ್ದು ಅದೇ. ಕಂತು ಮಾತ್ರ ಎರವಲು ಹೋಗಿತ್ತು. ಯಾರ ಬಳಿ? ಬಿಡುಗಡೆಯ ದಿನವೇ ಪರಿಶೀಲನೆಗೆಂದು ಒಯ್ದ ಪ್ರೊಫೆಸರ್ ಸಾಹೇಬರ ಬಳಿ.

ವರ್ಗಾವಣೆಯ ಹೆಂಗಸರ ಬಗ್ಗೆ ಬರೆಯುತ್ತಿದ್ದಾಳಂತೆ! ಸಾಮಾನಿನ ಜೊತೆಗೆ ಬಂದ ನನ್ನ ಬಗ್ಗೆಯೇ ಬರೆಯುತ್ತಿದ್ದಾಳೆ ಎನ್ನಿಸಿತು. ಆ ಮಧ್ಯಾಹ್ನವೇ ಸಾಹೇಬರ ಕೋಣೆಗೆ ಹೋದೆ. ಅವರು ಪಾನ್ ತುಂಬಿದ ಬಾಯನ್ನು ಮೇಲಕ್ಕೆತ್ತಿ, ಒಂದು ಹನಿಯೂ ಚೆಲ್ಲದಂತೆ, "ಇನ್ನೂ ಕೇಳಿಲ್ಲ, ಕೇಳುತ್ತೇನೆ, ಅಧ್ಯಾಪಕರಿಗೆ ವರ್ಷವಿದೆಯಲ್ಲ" ಎಂದರು. ಕೇಳದಿದ್ದರೆ ಹಿಂದಿರುಗಿಸಬಹುದಲ್ಲ ಎಂದೆ. "ಹಾಗೆ ಓದದೆ ಹಿಂದಿರುಗಿಸುವುದಾದರೆ ನನ್ನ ಮನೆಯ ಅರ್ಧ ಕಪಾಟು ಖಾಲಿಯಾಗುತ್ತದೆ" ಎಂದು ಅವರೇ ನಕ್ಕರು. ಮರುದಿನ ಮತ್ತೆ ಹೋದೆ, ಅದರ ಮರುದಿನವೂ ಹೋದೆ. ಕೊನೆಗೆ ಅವರು ಫೋನನ್ನು ಒಂದಿಷ್ಟು ತಡಕಾಡಿ, ಮೊಮ್ಮಗನ ಹುಟ್ಟುಹಬ್ಬದ ಚಿತ್ರಗಳನ್ನೆಲ್ಲ ನನಗೆ ತೋರಿಸಿ, ಕಂತು ಎಲ್ಲೋ ಕಳೆದುಹೋಗಿದೆ ಎಂದು ಸಾರಿದರು.

ಕಳೆದುಹೋದ ಪ್ರತಿಗೆ ನಮ್ಮಲ್ಲಿ ನಿಯಮವಿದೆ: ಕಳೆದವರು ಅದೇ ಆವೃತ್ತಿಯ ಇನ್ನೊಂದು ಪ್ರತಿಯನ್ನು ತಂದುಕೊಡಬೇಕು. ಹಾಗೆಂದು ಸಾಹೇಬರಿಗೆ ಪತ್ರ ಬರೆಯಬೇಕಾದವರು ಪಾಂಡೇಜಿ. ಬೆಕ್ಕಿಗೆ ಗಂಟೆ ಕಟ್ಟುವ ಆ ಕೆಲಸ ನೆನೆದೇ ಅವರಿಗೆ ಬೆವರು ಬಂತು. ಇದೇ ಸಮಯವೆಂದು ನಾನು ಇನ್ನೊಂದು ನಿಯಮವನ್ನು ಮೆಲ್ಲಗೆ ಅವರ ಕಿವಿಗೆ ಹಾಕಿದೆ. ಹಾಳೆ ಉದುರಿ, ಬೆನ್ನು ಮುರಿದು, ಕೆಲಸಕ್ಕೆ ಬಾರದಾದ ಪುಸ್ತಕಗಳನ್ನು ಜೀರ್ಣವೆಂದು ಘೋಷಿಸಿ ಲೆಕ್ಕದಿಂದ ತೆಗೆದುಹಾಕುತ್ತೇವಲ್ಲ? ಅವನ್ನು ಬಾಗಿಲ ಬಳಿಯ ಮೇಜಿನ ಮೇಲೆ ಇಟ್ಟುಬಿಡುತ್ತೇವೆ, ಬೇಕಾದವರು ಒಯ್ಯಬಹುದು, ಹಿಂದಿರುಗಿಸುವ ಹಂಗಿಲ್ಲ. ಕಂತನ್ನೂ ಜೀರ್ಣವೆಂದು ಘೋಷಿಸಿದರೆ ಯಾರಿಗೂ ಪತ್ರ ಬರೆಯುವ ಪ್ರಮೇಯವಿಲ್ಲ. ಹುಟ್ಟಿ ಒಂದು ತಿಂಗಳೂ ಆಗದ ಧ್ವನಿ ಜೀರ್ಣವಾಗುವುದು ಹೇಗೆಂದು ಪಾಂಡೇಜಿ ಕೇಳಲಿಲ್ಲ. ಅವರ ಮುಖದಲ್ಲಿ ಗಂಗೆಯಲ್ಲಿ ಮುಳುಗಿ ಎದ್ದವರ ನಿರಾಳ ಕಂಡಿತು, ಸಹಿ ಬಿತ್ತು, ಬೀಗ ತೆರೆಯಿತು. ಯುದ್ಧ ಗೆದ್ದ ಠೀವಿಯಲ್ಲಿ ನಾನು ಆ ಕಂತನ್ನು ನೀಲಮ್ಮನಿಗೆ ಕಳಿಸಿದೆ, ಸಂಜೆ ಮನೆಗೆ ಹೋಗುವಾಗ ರಿಕ್ಷಾದಲ್ಲಿ ಕುಳಿತು ಒಬ್ಬಳೇ ಹಾಡಿಕೊಂಡೆ ಕೂಡ.

ಮರುದಿನ ಬೆಳಿಗ್ಗೆ ನಾನೇ ಫೋನು ಮಾಡಿದೆ. "ಕೇಳಿದಿರಾ ನೀಲಮ್ಮ?"

"ಕೇಳೀನ್ರಿ ಮೇಡಂ. ಎರಡು ಸಲ ಕೇಳಿದೆ. ಧ್ವನಿ ಭಾಳ ಛಲೋ ಬಂದೈತ್ರಿ."

ಹೊಗಳಿಕೆಯಲ್ಲಿ ಏನೋ ಒಂದು ಹಿಂಜರಿಕೆಯಿತ್ತು. ಒತ್ತಾಯಿಸಿದೆ. "ನಡುವ ಏನೋ ಧಪ್ ಅಂತ ಬಿದ್ದಂಗಾತ್ರಿ, ಮೇಡಂ ಬಿದ್ರೇನೋ ಅಂತ ಅಂಜಿದೆ," ಎಂದಳು. ಅದು ಗುಪ್ತ ಮೊಹರು ಎಂದು ವಿವರಿಸಿದೆ. "ಆತ್ರಿ. ಮತ್ತ... ಮೊದಲು ಕುಲಪತಿಗಳ ಭಾಷಣ ಬಂತು, ಆಮ್ಯಾಲ ದೀಪ ಹಚ್ಚಿದ್ರು ಅಂದ್ರು, ಹೂವಿನ ಗುಚ್ಛ ಕೊಟ್ರು ಅಂದ್ರು, ಪ್ರೊಫೆಸರ್ ಸಾಹೇಬರು ಗ್ರಂಥಾಲಯದ ಇತಿಹಾಸ ಹೇಳಿದ್ರು. ಆಮ್ಯಾಲ ನೀವು ಬಂದ್ರಿ. ಸಾಮಗ್ರಿ ಪಡಿಯೋ ವಿಧಾನ ಭಾಳ ಸರಳ ಐತಿ, ವಿವರಕ್ಕ ಕಚೇರಿ ವ್ಯಾಳ್ಯಾದಾಗ ಗ್ರಂಥಾಲಯದ ಕೌಂಟರಿಗೆ ಖುದ್ದ ಬಂದು ಕೇಳ್ರಿ ಅಂದ್ರಿ. ಅಲ್ಲಿಗೆ ಮುಗೀತು."

ಬೆಟ್ಟ ಅಗೆದು ಇಲಿ ಹಿಡಿದೆವು ಎಂದರೆ ಇಲಿಗೆ ಅವಮಾನ. ನನ್ನ ಕರಡಿನಲ್ಲಿ ವಿಧಾನವೆಲ್ಲ ಇತ್ತು. ಭಾಷಣಗಳಿಗೆ ಜಾಗ ಸಾಲದೆಂದು ಸಮಿತಿಯವರು ಅದನ್ನು ಕತ್ತರಿಸಿ, ನಮ್ಮ ಪ್ರತಿಯೊಂದು ಪ್ರಕಟಣೆಯ ಬಾಲಕ್ಕೂ ಅಂಟಿಸುವ ಆ ವಾಕ್ಯವನ್ನೇ ಅಂಟಿಸಿ ಕೊಟ್ಟಿದ್ದರು. ರಜಾಯಿಯ ಸೆಕೆಯಲ್ಲಿ ನನಗೆ ಅಕ್ಷರ ಕಾಣುತ್ತಿತ್ತು, ಅರ್ಥ ಕಾಣುತ್ತಿರಲಿಲ್ಲ. ಬರಲಾರದವರಿಗಾಗಿಯೇ ಮಾಡಿದ ಕಂತಿನಲ್ಲಿ, ಅಷ್ಟು ಇಂಪಾಗಿ, ಬನ್ನಿ ಎಂದು ನಾನೇ ಕರೆದಿದ್ದೆ! ಗಡುವಿಗೆ ಒಂದೇ ವಾರ ಉಳಿದಿತ್ತು.

ಆಗ ನೋಡಿ, ನನ್ನ ಕೈಯಲ್ಲಿದ್ದ ವಸ್ತು ನನ್ನ ಕಣ್ಣಿಗೆ ಬಿತ್ತು. ಕಂತಿಗಾಗಿ ಊರೆಲ್ಲ ಅಲೆದಾಡಿದ ಆ ದಿನಗಳಲ್ಲೆಲ್ಲ ಈ ಫೋನು ನನ್ನ ಬಳಿಯೇ ಇತ್ತು, ಆ ತುದಿಯಲ್ಲಿ ಅವಳಿದ್ದಳು, ಈ ತುದಿಯಲ್ಲಿ ವಿಷಯ ಬಲ್ಲ ನಾನಿದ್ದೆ. "ನೀಲಮ್ಮ, ಪೆನ್ನು ತೊಗೊರಿ" ಎಂದೆ. "ಬ್ಯಾಡ್ರಿ ಮೇಡಂ, ರೆಕಾರ್ಡಿಗೆ ಹಾಕ್ತೀನಿ, ಕೂಸಿನ ಎತ್ತಿಕೊಂಡೀನಿ," ಎಂದಳು. ನಾನು ನಮ್ಮ ಅಡುಗೆಮನೆಯಲ್ಲಿ ನಿಂತು, ದೂರದಿಂದ ಗ್ರಂಥಾಲಯದ ಜಾಲತಾಣದೊಳಗೆ ಹೋಗುವುದು ಹೇಗೆ, ಯಾವ ಪದ ಹಾಕಿ ಹುಡುಕಬೇಕು, ಹಳೆಯ ಸಂಶೋಧನ ಪ್ರಬಂಧಗಳು ಎಲ್ಲಿ ಸಿಗುತ್ತವೆ, ಬೇಕಾದ ಅಧ್ಯಾಯವನ್ನು ಸ್ಕ್ಯಾನ್ ಮಾಡಿ ಕಳಿಸಿರೆಂದು ನಮ್ಮನ್ನು ಕೇಳುವುದು ಹೇಗೆ, ಕೇಳಿ ಸುಮ್ಮನೆ ಕೂತರೆ ನಾವು ಹೇಗೆ ಮರೆಯುತ್ತೇವೆ, ಆದ್ದರಿಂದ ಯಾರಿಗೆ ಮತ್ತೆ ಮತ್ತೆ ಕಾಟ ಕೊಡಬೇಕು, ಎಲ್ಲವನ್ನೂ ಹೇಳಿದೆ. ಕುಕ್ಕರು ಕೂಗಿತು, ಇಳಿಸಿ ಬಂದು ಹೇಳಿದೆ. ಯಜಮಾನರು ಡಬ್ಬಿ ಕೇಳಿದರು, ಇಂದು ಕ್ಯಾಂಟೀನಿನಲ್ಲಿ ಉಣ್ಣಿರಿ ಎಂದು ಕಳಿಸಿ ಹೇಳಿದೆ. ಇಷ್ಟು ವರ್ಷದ ನೌಕರಿಯಲ್ಲಿ ಒಂದೇ ಉಸಿರಿಗೆ ಅಷ್ಟು ಮಾತಾಡಿದ್ದು ಅದೇ ಮೊದಲು, ಮತ್ತು ಎಷ್ಟು ಹಿತವಾಗಿತ್ತೆಂದರೆ ಮುಗಿದಾಗ ನನಗೆ ಬೇಸರವಾಯಿತು.

ಅವಳು ಕಿರುಪ್ರಬಂಧವನ್ನು ಗಡುವಿನೊಳಗೆ ಒಪ್ಪಿಸಿದಳೆಂಬ ಸುದ್ದಿ ಬಂತು, ಮೌಖಿಕ ಪರೀಕ್ಷೆಯೊಂದು ಬಾಕಿ ಎಂದೂ ಬಂತು. ಈ ನಡುವೆ ನಮ್ಮ ಸಮಿತಿ ಯೋಜನೆಯ ಮೌಲ್ಯಮಾಪನಕ್ಕೆ ಸೇರಿತು. ಒಂದು ಕಂತಿಗೆ ಅಷ್ಟೊಂದು ಬೇಡಿಕೆ ಬಂದು ಅದು ಜೀರ್ಣವೇ ಆಗಿಹೋದದ್ದು ಅಭೂತಪೂರ್ವ ಯಶಸ್ಸು ಎಂದು ದಾಖಲಾಯಿತು, ಪ್ರೊಫೆಸರ್ ಸಾಹೇಬರಿಗೆ ಶಾಲು ಹೊದಿಸಲಾಯಿತು. ಪಾಡ್‌ಕಾಸ್ಟಿನ ಜೊತೆಗೆ ದಿನಕ್ಕೊಂದು ಗಂಟೆ ದೂರದ ವಿದ್ಯಾರ್ಥಿಗಳ ಜೊತೆ ಫೋನಿನಲ್ಲಿ ಮಾತಾಡುವ ಏರ್ಪಾಡು ಮಾಡೋಣ, ಆ ಮಾತುಗಳನ್ನೇ ಮುದ್ರಿಸಿ ಬೀಗವಿಲ್ಲದೆ ಎಲ್ಲರಿಗೂ ಬಿಡೋಣ ಎಂದು ನಾನು ಎದ್ದು ನಿಂತು ಹೇಳಿದೆ. ಗ್ರಂಥಾಲಯದೊಳಗೆ ಫೋನಿನಲ್ಲಿ ಮಾತೇ? ಪಾಂಡೇಜಿ ತುಟಿಯ ಮೇಲೆ ಬೆರಳಿಟ್ಟರು. ಅದು ಅವರ ಉತ್ತರವೋ ಅಭ್ಯಾಸವೋ ನನಗೆ ತಿಳಿಯಲಿಲ್ಲ, ಕೂತುಕೊಂಡೆ.

ಮಳೆಗಾಲದ ಒಂದು ಮಧ್ಯಾಹ್ನ ನಾನು ವಾಚನಾಲಯದ ಹಿಂದಿನ ಮೂಲೆಯಲ್ಲಿ ಕಪಾಟಿನ ಪುಸ್ತಕಗಳನ್ನು ನೋಡುತ್ತಿದ್ದೆ. ಬಾಗಿಲ ಬಳಿಯ ಕೌಂಟರಿನಲ್ಲಿ ಯಾರೋ ಹೆಂಗಸು ಹಿಂದಿಯಲ್ಲಿ ವಿನಯದಿಂದ ಏನೋ ಕೇಳುತ್ತಿದ್ದಳು, ನಮ್ಮ ಗುಮಾಸ್ತರು ಅಷ್ಟೇ ವಿನಯದಿಂದ ನಿರಾಕರಿಸುತ್ತಿದ್ದರು. "ನಿಮ್ಮ ಕಾರ್ಡು ದೂರಶಿಕ್ಷಣದ್ದು. ದೂರದವರಿಗೆ ಒಳಗೆ ಪ್ರವೇಶವಿಲ್ಲ. ನಿಮಗಾಗಿಯೇ ಪಾಡ್‌ಕಾಸ್ಟ್ ಮಾಡಿದ್ದೇವೆ, ಮನೆಗೆ ಹೋಗಿ ಅದನ್ನು ಕೇಳಿ." ಹೆಂಗಸು, ಅದರಲ್ಲಿ ಕೌಂಟರಿಗೆ ಖುದ್ದಾಗಿ ಬರಬೇಕೆಂದು ಹೇಳಿದ್ದಾರೆ, ಅದಕ್ಕೇ ಬಂದೆ ಎಂದಳು. ಗುಮಾಸ್ತರು ತಲೆ ಅಲ್ಲಾಡಿಸಿ, ಹಾಗಾದರೆ ಅದನ್ನು ಸರಿಯಾಗಿ ಕೇಳಿಲ್ಲ, ಇನ್ನೊಮ್ಮೆ ಕೇಳಿ ಎಂದರು. ಅವಳು ಸೆರಗು ಸರಿಮಾಡಿಕೊಂಡು ಬಾಗಿಲ ಕಡೆ ತಿರುಗಿದಳು. ಮುಖ ನಾನು ಎಂದೂ ಕಂಡದ್ದಲ್ಲ, ಆ ತಡವರಿಸುವ ಹಿಂದಿ ಮಾತ್ರ ನನಗೆ ಗೊತ್ತಿತ್ತು.

"ನೀಲಮ್ಮಾ!" ಎಂದು ಕೂಗಿದೆ. ವಾಚನಾಲಯದ ಈ ತುದಿಯಿಂದ ಆ ತುದಿಗೆ, ಎದೆಯಲ್ಲಿದ್ದ ದನಿಯನ್ನೆಲ್ಲ ಹಾಕಿ ಕೂಗಿದೆ. ಓದುತ್ತಿದ್ದವರೆಲ್ಲ ತಲೆ ಎತ್ತಿದರು, ನಿಶ್ಶಬ್ದ ಕಾಯುವ ಚಪರಾಸಿ ಎತ್ತಿದ ಕೋಲನ್ನು ಯಾರ ಮೇಜಿಗೆ ಕುಟ್ಟಬೇಕೆಂದು ತಿಳಿಯದೆ ನನ್ನನ್ನೇ ನೋಡಿದರು. ಬಾಗಿಲಲ್ಲಿದ್ದವಳು ತಿರುಗಿ, ನನ್ನನ್ನು ಹುಡುಕಿ, ಅಲ್ಲಿಂದಲೇ ಎರಡೂ ಕೈ ಎತ್ತಿದಳು.

"ಪಾಸಾದೆ ರೀ ಮೇಡಂ! ಪಾಸಾದೆ! ಈಗ ಮೌಖಿಕ ಪರೀಕ್ಷೆ ಮುಗಿಸಿ ಸೀದಾ ಇಲ್ಲಿಗೇ ಬಂದೀನ್ರಿ!"

"ನಿಲ್ಲವ್ವಾ, ಹೋಗಬ್ಯಾಡ, ಬಂದೆ!" ಎಂದು ಇನ್ನೂ ಜೋರಾಗಿ ಕೂಗಿ, ಓದುವವರ ಮೇಜುಗಳ ನಡುವೆ ಓಡಿದಂತೆಯೇ ನಡೆದು, ಕೌಂಟರಿನ ಹಲಗೆಯನ್ನು ನಾನೇ ಎತ್ತಿ ಹಿಡಿದು, ಅವಳನ್ನು ಒಳಗೆ ಕರೆದುಕೊಂಡೆ.